ಭಾವನಿಗಿಂತ ಮೇಲಿನ ಬಂಡೆ

ಅಪಿಸಾಯಿಯ ಹೊಟ್ಟೆಯುರಿಗೆ ಮೂಲ ಒಂದು ಮೀನಿನ ತಲೆ.

ಹಿಂದಿನ ಶನಿವಾರ ಜಲಪಾತ ನೋಡಲು ಬಂದ ಪರದೇಶದವರಿಗೆಲ್ಲ ಬಡಿಸಿ ಆದ ಮೇಲೆ ಊರಿನವರು ಊಟಕ್ಕೆ ಕೂತಿದ್ದರು. ತೆಂಗಿನ ಹಾಲಿನಲ್ಲಿ ಬೆಂದ ದೊಡ್ಡ ಮೀನು. ಬಡಿಸುತ್ತಿದ್ದವಳು ಪಕ್ಕದೂರಿನ ಹುಡುಗಿ ವಸಿತಿ. ಅವಳು ತಲೆಯನ್ನು ವಿಲಿಕೇಸನ ಎಲೆಗೆ ಹಾಕಿದಳು. ಅಪಿಸಾಯಿಯ ಎಲೆಗೆ ಬಾಲ ಬಿತ್ತು. ನಮ್ಮ ತವೆಉನಿ ದ್ವೀಪದಲ್ಲಿ ಮೀನಿನ ತಲೆ ಯಾರಿಗೆ ಹೋಯಿತೆಂದು ಕುರುಡರೂ ನೋಡುತ್ತಾರೆ.

ಅಪಿಸಾಯಿಗೆ ವಸಿತಿಯನ್ನು ಮದುವೆಯಾಗುವ ಆಸೆ. ಈ ಆಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ಊರಿಗೆಲ್ಲ ಗೊತ್ತಿತ್ತು. ವಿಲಿಕೇಸ ಅವನ ಸೋದರಮಾವನ ಮಗ, ಅಂದರೆ ಭಾವ. ಜೊತೆಗೆ ಚಿಕ್ಕಂದಿನಿಂದ ಗೆಳೆಯ. ಭಾವನನ್ನು ರೇಗಿಸುವುದು ನಮ್ಮಲ್ಲಿ ಹಕ್ಕು. ರೇಗಿಸಿಕೊಂಡವನು ಸಿಟ್ಟಾದರೆ ಅವನಿಗೇ ಅವಮಾನ. ಹಾಗಾಗಿ ಅಪಿಸಾಯಿ ಬಾಲವನ್ನು ನಗುನಗುತ್ತಲೇ ತಿಂದ. ಮುಳ್ಳು ಮಾತ್ರ ಎದೆಯಲ್ಲಿ ಸಿಕ್ಕಿಕೊಂಡಿತು.

ವಿಲಿಕೇಸನಿಗೆ ಅಷ್ಟು ಮರ್ಯಾದೆ ಬಂದದ್ದು ಬಂಡೆಯಿಂದ. ಜಲಪಾತದ ಪಕ್ಕದ ಬಂಡೆಯಿಂದ ಕೆಳಗಿನ ಮಡುವಿಗೆ ಹಾರಿ ಪರದೇಶದವರನ್ನು ಬೆರಗುಗೊಳಿಸುವ ಕೆಲಸವನ್ನು ಊರು ಅವನಿಗೆ ವಹಿಸಿತ್ತು. ಹಾರಿ ಮೇಲೆದ್ದು, ಕೂದಲು ಕೊಡವಿ ನಿಂತನೆಂದರೆ ಆಗ ತಾನೇ ಸುಲಿದ ತೆಂಗಿನಕಾಯಿಯ ಹಾಗೆ ಹೊಳೆಯುತ್ತಿದ್ದ. ಅಪಿಸಾಯಿಯ ಕೆಲಸ ಅವನ ಟವೆಲು ಹಿಡಿದುಕೊಂಡು ನಿಲ್ಲುವುದು.

ಈ ಶನಿವಾರ ಬೆಳಗ್ಗೆ ಅಪಿಸಾಯಿ ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದಾಗ ವಿಲಿಕೇಸ ಬಂದು ಪಕ್ಕದಲ್ಲಿ ನಿಂತ.

"ಏನ್ ಭಾವ, ಇವತ್ತೂ ಟವೆಲ್ ಹಿಡ್ಕೊಂಡ್ ನಿಂತ್ಕೋತೀಯೋ? ಕೈ ನೋವು ಬರಲ್ವಾ?"

"ನಿನ್ ಹಾಗೆ ಕಪ್ಪೆ ಕೆಲಸ ಮಾಡಕ್ಕೆ ನಂಗೆ ಬರಲ್ಲ ಭಾವ."

"ಹಾರ್ಬೇಡಪ್ಪ, ಒಳ್ಳೇದು. ನೀನ್ ಹಾರಿದ್ರೆ ಮಡುವಿನ ನೀರೆಲ್ಲ ಹೊರಗ್ ಬಂದ್ಬಿಡತ್ತೆ. ಕೆಳಗೆ ಕೆಸುವಿನ ತೋಟದೋರು ಏನ್ ಮಾಡ್ಬೇಕು?"

ನೀರಿಗೆ ನಿಂತಿದ್ದ ಹೆಂಗಸರು ಕಿಸಕ್ಕೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಉನಾಯಿಸಿ ಅತ್ತೆ. ಅವಳ ಬಾಯಿಗೆ ಬಿದ್ದ ಮಾತು ಚರ್ಚಿನ ಗಂಟೆಗಿಂತ ಮೊದಲು ಊರು ಸುತ್ತುತ್ತಿತ್ತು.

ಅಪಿಸಾಯಿಯ ನಾಲಗೆ ಅವನನ್ನು ಕೇಳದೆಯೇ ಹೇಳಿಬಿಟ್ಟಿತು: "ಇವತ್ತು ಹಾರ್ತೀನಿ. ನಿನ್ ಬಂಡೆಯಿಂದ ಅಲ್ಲ, ಅದಕ್ಕಿಂತ ಮೇಲಿನದರಿಂದ."

ವಿಲಿಕೇಸ ಅವನ ಹೆಗಲ ಮೇಲೆ ಕೈಯಿಟ್ಟ. "ಬೇಡ ಭಾವ," ಅಂದ. ಎಷ್ಟು ಮೃದುವಾಗಿ ಅಂದನೆಂದರೆ ಅಪಿಸಾಯಿಗೆ ಮೈಯೆಲ್ಲ ಉರಿಯಿತು.

ವಾರವೆಲ್ಲ ಮಳೆ ಸುರಿದು ಕಾಡಿನ ಹಾದಿ ಕಲಸಿಟ್ಟ ಹಿಟ್ಟಿನಂತಾಗಿತ್ತು. ಪರದೇಶದವರ ಹಿಂದೆ ಅರ್ಧ ಊರೇ ಹೊರಟಿತ್ತು. ವಿಲಿಕೇಸ ಬರಿಗಾಲಲ್ಲಿ ಕೊಕ್ಕರೆಯಂತೆ ಹೆಜ್ಜೆ ಎತ್ತಿಟ್ಟು ನಡೆಯುತ್ತಿದ್ದ. ಅಪಿಸಾಯಿ ಸೊಂಟಕ್ಕೆ ಪಂಚೆಯ ಹಾಗೆ ಹೊಸ ಸುಲು ಉಟ್ಟು, ಅಣ್ಣನ ರಗ್ಬಿ ಬೂಟು ಹಾಕಿಕೊಂಡಿದ್ದ. ಬೂಟು ಒಂದು ಅಳತೆ ದೊಡ್ಡದು. ಕಾಲು ಮುಂದೆ ಹೋದರೂ ಬೂಟು ಕೆಸರಲ್ಲೇ ಉಳಿದು ಯೋಚಿಸುತ್ತಿತ್ತು.

ಮೊದಲ ಇಳಿಜಾರಿನಲ್ಲೇ ಜಾರಿದ. ಹಿಡಿಯಲು ಸಿಕ್ಕಿದ್ದು ಉನಾಯಿಸಿ ಅತ್ತೆಯ ಬುಟ್ಟಿ. ಬೇಯಿಸಿದ ಮರಗೆಣಸೆಲ್ಲ ಗುಡ್ಡದ ಕೆಳಗೆ ಉರುಳಿತು.

"ಹಾರೋದು ಬಂಡೆಯಿಂದ ಕಣೋ, ನನ್ ಬುಟ್ಟಿಯಿಂದಲ್ಲ," ಎಂದಳು ಅತ್ತೆ.

ವಿಲಿಕೇಸ ಓಡಿ ಬಂದು ಎಬ್ಬಿಸಿದ. "ಮೆಲ್ಲಗೆ ಭಾವ, ಕಾಲು ಉಳುಕಿಸ್ಕೋಬೇಡ. ನಿನ್ ಕಾಲು ಇವತ್ತು ಬೇಕು."

"ನನ್ ಕಾಲು ನಾನ್ ನೋಡ್ಕೋತೀನಿ."

"ನೋಡ್ಕೋ ನೋಡ್ಕೋ. ಈ ಕೋಲು ಹಿಡ್ಕೋ."

ಮುಂದೆ ಹೊಳೆ ದಾಟುವಾಗ ವಿಲಿಕೇಸ ವಸಿತಿಗೆ ಕೈ ಕೊಟ್ಟ. ಅವಳು ದಾಟಿದ ಮೇಲೂ ಕೈ ಬಿಡಲು ಮರೆತಳು. ಅದನ್ನು ನೋಡುತ್ತ ನಿಂತ ಅಪಿಸಾಯಿ ಹೊಳೆಯಲ್ಲಿ ಕಲ್ಲಿರುವುದನ್ನು ಮರೆತ. ಸೊಂಟದವರೆಗೆ ನೆಂದು ಆಚೆ ದಡ ಹತ್ತಿದಾಗ ವಸಿತಿ ಹತ್ತಿರ ಬಂದಳು.

"ನೀವು ನಿಜವಾಗ್ಲೂ ಹಾರ್ತೀರಾ?"

"ಹಾರ್ತೀನಿ."

"ಮನಸ್ಸು ಬದಲಾಯಿಸಲ್ಲ ತಾನೇ?"

"ಅಪಿಸಾಯಿ ಅಂದ್ರೆ ಏನ್ ತಿಳ್ಕೊಂಡಿದೀಯ?"

ಅವಳ ಕಣ್ಣು ಅರಳಿತು. ಆ ಕಣ್ಣು ತನಗಾಗಿ ಅರಳಿದ್ದನ್ನು ಅಪಿಸಾಯಿ ಮೊದಲ ಸಲ ನೋಡಿದ. ಉಳಿದ ಹಾದಿಯಲ್ಲಿ ಎಷ್ಟು ಸಲ ಬಿದ್ದರೂ ಅವನಿಗೆ ನೋಯಲಿಲ್ಲ.

ಮೇಲಿನ ಬಂಡೆ ಹತ್ತಿ ಕೆಳಗೆ ಬಗ್ಗಿದಾಗ ಆ ಧೈರ್ಯವೆಲ್ಲ ಬೂಟಿನೊಳಗೆ ಇಳಿದುಹೋಯಿತು. ಮಡು ಕರಟದಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಕೆಳಗಿನವರ ಸಲಹೆಗಳು ಮಾತ್ರ ದೊಡ್ಡದಾಗಿ ಕೇಳುತ್ತಿದ್ದವು.

"ಬಾಯಿ ಮುಚ್ಕೋ," ಎಂದ ಒಬ್ಬ. "ಬಾಯಿ ತೆಗಿ, ಇಲ್ದಿದ್ರೆ ಕಿವಿ ಒಡೆಯುತ್ತೆ," ಎಂದ ಇನ್ನೊಬ್ಬ. "ಎಡಗಡೆ ಹಾರು." "ಎಡಗಡೆ ಕಲ್ಲಿದೆಯಲ್ಲೋ." ಉನಾಯಿಸಿ ಅತ್ತೆ ಕೈಮುಗಿದು ಒಂದು ಕೀರ್ತನೆ ಶುರುಮಾಡಿದಳು. ಊರಲ್ಲಿ ಅದನ್ನು ಹೆಣ ಎತ್ತುವಾಗ ಹಾಡುತ್ತಾರೆ.

ಅಪಿಸಾಯಿ ಮೆಲ್ಲಗೆ ಹಿಂದೆ ಸರಿಯುವಷ್ಟರಲ್ಲಿ ವಿಲಿಕೇಸ ಹತ್ತಿ ಬಂದು ಪಕ್ಕದಲ್ಲಿ ನಿಂತ.

"ಭಯ ಆಗ್ತಿದ್ಯಾ ಭಾವ?"

"ಗಾಳಿ ನೋಡ್ತಿದೀನಿ."

"ಇಬ್ರೂ ಒಟ್ಟಿಗೆ ಹಾರೋಣ. ನನ್ ಕೈ ಹಿಡ್ಕೋ."

ಅದು ಗೆಳೆಯನ ಮಾತೇ. ಆದರೆ ಒಟ್ಟಿಗೆ ಹಾರಿದರೆ ಹೆಸರು ಅರ್ಧವಾಗುತ್ತದೆ, ಆ ಅರ್ಧದಲ್ಲೂ ದೊಡ್ಡ ತುಂಡು ವಿಲಿಕೇಸನಿಗೇ ಹೋಗುತ್ತದೆ ಎಂದು ಅಪಿಸಾಯಿಗೆ ಹೊಳೆಯಿತು. ಕೈ ಕೊಸರಿಕೊಂಡ. ಕೊಸರಿದ ರಭಸಕ್ಕೆ ಬೂಟು ಪಾಚಿಯ ಮೇಲೆ ಜಾರಿತು. ಹಾರುವ ನಿರ್ಧಾರ ಇನ್ನೂ ಬಂಡೆಯ ಮೇಲೆಯೇ ಇತ್ತು. ಅಪಿಸಾಯಿ ಮಾತ್ರ ಹೊರಟುಹೋದ.

ಕುರ್ಚಿಯಲ್ಲಿ ಕೂತವನ ಹಾಗೆ ಕೂತುಕೊಂಡೇ ಇಳಿದು, ಕೂತುಕೊಂಡೇ ನೀರಿಗೆ ಬಡಿದ. ಆ ಸದ್ದಿಗೆ ಮರದ ಗಿಳಿಗಳೆಲ್ಲ ಎದ್ದು ಹಾರಿದವು. ಅವನ ಹಿಂದೆಯೇ ಗಾಬರಿಯಿಂದ ಹಾರಿದ ವಿಲಿಕೇಸ ಎಂದಿನ ಹಾಗೆ ಬಾಣದಂತೆ ನೀರಿಗಿಳಿದ. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಅಪಿಸಾಯಿಯ ಹೊಸ ಸುಲು ಒಡೆಯನನ್ನು ಬಿಟ್ಟು ತೇಲಿಹೋಗುವುದನ್ನು ನೋಡುತ್ತಿದ್ದರು. ಅದು ನೆಟ್ಟಗೆ ವಸಿತಿಯ ಕಾಲಬುಡಕ್ಕೆ ಹೋಗಿ ನಿಂತಿತು.

ಒಳಗಿದ್ದದ್ದು ಅವನಮ್ಮ ಹಿಟ್ಟಿನ ಚೀಲದಲ್ಲಿ ಹೊಲಿದ ಚಡ್ಡಿ. ಹಿಂಭಾಗದಲ್ಲಿ ಗಿರಣಿಯ ಹುಂಜದ ಗುರುತು ಇನ್ನೂ ಕೆಂಪಗಿತ್ತು. ಅಪಿಸಾಯಿ ಕತ್ತಿನವರೆಗೆ ನೀರಲ್ಲಿ ಮುಳುಗಿ, "ನೀರು ಹಿತವಾಗಿದೆ," ಎನ್ನುತ್ತ ಅಲ್ಲೇ ಇದ್ದ. ಕೊನೆಗೆ ವಸಿತಿ ಮುಖ ಆಚೆ ತಿರುಗಿಸಿ ಸುಲುವನ್ನು ಕೋಲಿನ ತುದಿಯಲ್ಲಿ ಚಾಚಿದಳು.

ಆದರೂ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ. "ನಿಮ್ ಮುಂದೆ ವಿಲಿಕೇಸ ಏನೂ ಅಲ್ಲ," ಎಂದಳು, ಎಲ್ಲರಿಗೂ ಕೇಳುವ ಹಾಗೆ. ಪರದೇಶದವರು ಅವನ ಸುತ್ತ ನಿಂತು ಚಿತ್ರ ತೆಗೆಸಿಕೊಂಡರು. ವಿಲಿಕೇಸ ಟವೆಲು ಹಿಡಿದು ನಿಂತಿದ್ದ.

ಅಪಿಸಾಯಿಗೆ ಕೂರಲು ಆಗುತ್ತಿರಲಿಲ್ಲ, ಅಷ್ಟು ಬಾತಿತ್ತು. ಅದಕ್ಕಿಂತ ಹೆಚ್ಚು ಬಾಧಿಸಿದ್ದು ಇನ್ನೊಂದು: ವಿಲಿಕೇಸನ ಮುಖದಲ್ಲಿ ಹೊಟ್ಟೆಕಿಚ್ಚಿನ ಒಂದು ಕಿಡಿಯೂ ಇಲ್ಲ. ಅವನು ನಗುತ್ತಿದ್ದ, ತಮ್ಮನ ಮದುವೆಯಲ್ಲಿ ಅಣ್ಣ ನಗುವ ಹಾಗೆ. ಉರಿಸಬೇಕಾದವನು ಉರಿಯದಿದ್ದರೆ ಗೆದ್ದು ಏನು ಸುಖ?

ಸಂಜೆ ಊರ ಹಿರಿಯ ಕಾಲಿವಾಟಿಯವರ ಮನೆಯಲ್ಲಿ ಎಲ್ಲರೂ ಸೇರಿದರು. ಮರದ ದೊಡ್ಡ ಬೋಗುಣಿಯಲ್ಲಿ, ಎಲ್ಲರೂ ಕೂತು ಕುಡಿಯಲು, ಯಂಗೋನ ಬೇರಿನ ಪುಡಿಯನ್ನು ನೀರಿಗೆ ಕಲಸಿಟ್ಟಿತ್ತು. ವಸಿತಿಯ ಅಪ್ಪನೂ ಪಕ್ಕದೂರಿನಿಂದ ಬಂದು ಹಿರಿಯರು ಕೂರುವ ಮೇಲಿನ ಚಾಪೆಯಲ್ಲಿ ಕೂತಿದ್ದ. ಅದನ್ನು ಕಂಡು ಅಪಿಸಾಯಿಯ ಎದೆ ಉಬ್ಬಿತು. ಸುದ್ದಿ ಅಲ್ಲಿಯವರೆಗೂ ಹೋಗಿರಬೇಕು.

ಆಗ ವಿಲಿಕೇಸ ಒಳಗೆ ಬಂದ. ಇಸ್ತ್ರಿ ಹಾಕಿದ ಅಂಗಿ, ತಲೆಗೆ ಕೊಬ್ಬರಿ ಎಣ್ಣೆ. ಒಂದು ಕಟ್ಟು ಯಂಗೋನ ಬೇರನ್ನು ಅಪಿಸಾಯಿಯ ಮುಂದಿಟ್ಟು, ತಲೆ ತಗ್ಗಿಸಿ ಕೂತ.

"ಭಾವ, ಇಷ್ಟು ದಿನ ಬಂಡೆ ನನ್ನ ಹತ್ರ ಇತ್ತು. ನೀನು ನನಗಿಂತ ಮೇಲಿಂದ ಹಾರಿದೆ. ಇನ್ಮೇಲೆ ಬಂಡೆ ನಿನ್ನದು. ಈ ಸಣ್ಣ ಕಾಣಿಕೆ ಒಪ್ಪಿಸ್ಕೋಬೇಕು."

ಬಾಗಿಲ ಬಳಿ ಹೆಂಗಸರ ನಡುವೆ ವಸಿತಿ ಮುಂದಕ್ಕೆ ಬಾಗಿ, ಉಸಿರು ಹಿಡಿದು ಇವನನ್ನೇ ನೋಡುತ್ತಿದ್ದಳು. ಅಪಿಸಾಯಿ ಪದ್ಧತಿಯಂತೆ ಬೊಗಸೆ ಕೈಯಿಂದ ಗಂಭೀರವಾಗಿ ಚಪ್ಪಾಳೆ ತಟ್ಟಿ, ಬೇರಿನ ಕಟ್ಟನ್ನು ಎತ್ತಿಕೊಂಡ. "ಒಪ್ಪಿಸ್ಕೊಂಡೆ," ಎಂದ.

ಹಾಗೆ ಎತ್ತಿಕೊಂಡ ಮೇಲೆ ಮಾತಿಗೆ ಹಿಂದಿರುಗುವ ದಾರಿ ಇಲ್ಲ. ನಮ್ಮಲ್ಲಿ ಸತ್ತವರು ಕೂಡ ಅದನ್ನು ಮುರಿಯುವುದಿಲ್ಲ.

ಒಡನೆ ವಿಲಿಕೇಸ ಅಲ್ಲಿಂದ ಎದ್ದು, ವಸಿತಿಯ ಅಪ್ಪನ ಮುಂದೆ ಹೋಗಿ ಕೂತ. ಮಡಿಲಿನಿಂದ ತಿಮಿಂಗಿಲದ ಹಲ್ಲು ತೆಗೆದು ಎರಡೂ ಕೈಯಲ್ಲಿ ಹಿಡಿದ. ಹೆಣ್ಣು ಕೇಳುವವರು ಹಿಡಿಯುವುದೇ ಅದನ್ನು. ಮುದುಕ ನಕ್ಕು, ಹಲ್ಲನ್ನು ತೆಗೆದುಕೊಂಡು, "ಈಗ ಸರಿ," ಎಂದ. "ವಾರವಾರ ಬಂಡೆಯಿಂದ ಬೀಳೋನಿಗೆ ಮಗಳನ್ನ ಕೊಡಲ್ಲ ಅಂದಿದ್ದೆ. ವಿಧವೆ ಮಾಡಕ್ಕೆ ಸಾಕಿದ್ನಾ?"

ಅಪಿಸಾಯಿಯ ಕೈಯಲ್ಲಿದ್ದ ಕಟ್ಟು ಹೆಣಭಾರವಾಯಿತು.

ಯಂಗೋನ ತುಂಬಿದ ಕರಟ ಹಿಡಿದು ಬಂದ ವಸಿತಿ ಪಿಸುಗುಟ್ಟಿದಳು. "ಬೇಜಾರ್ ಮಾಡ್ಕೋಬೇಡಿ. ಊರು ಕೊಟ್ಟ ಕೆಲಸ, ಇನ್ನೊಬ್ರು ಒಪ್ಕೊಳ್ಳೋ ತನಕ ಬಿಡೋ ಹಾಗಿರಲಿಲ್ಲ. ವಿಲಿಕೇಸ ಅವ್ರು ನಿಮ್ಗೆ ಗೊತ್ತಾಗದ ಹಾಗೆ ಮನೆಮನೆಗೆ ಹೋಗಿ ಕೇಳಿದ್ರು, ಒಬ್ರೂ ಬರಲಿಲ್ಲ. 'ಕೇಳ್ಬೇಡಿ, ಭಾವನ್ನ ರೇಗಿಸಿ, ಅವ್ರೇ ಬರ್ತಾರೆ' ಅಂತ ನಾನೇ ಹೇಳ್ದೆ."

"ಸೋಮವಾರ ಪರದೇಶದವರ ಹಡಗು ಬರ್ತಿದೆ," ಎಂದು ಕಾಲಿವಾಟಿಯವರು ಆಚೆಯಿಂದ ಕೂಗಿದರು. "ಬೆಳಗ್ಗೆ ಬೇಗ ಹೋಗಿಬಿಡು. ಮೇಲಿನ ಬಂಡೆ, ಮರೀಬೇಡ. ಕೆಳಗಿನದಕ್ಕೆ ಇನ್ನು ಯಾರು ಬೆರಗಾಗ್ತಾರೆ?"

ಅಪಿಸಾಯಿ ಕರಟ ಖಾಲಿ ಮಾಡಿ, ಒಂದು ತೊಡೆಯ ಮೇಲೆ ಭಾರ ಹಾಕಿ ಹುಷಾರಾಗಿ ಪಕ್ಕಕ್ಕೆ ತಿರುಗಿದ. ಅಲ್ಲಿ ಅವನ ಇನ್ನೊಬ್ಬ ಭಾವ ತಾನಿಯೇಲ ಗೋಡೆಗೆ ಒರಗಿ ಕೂತಿದ್ದ.

"ಏನ್ ಭಾವ," ಎಂದ ಅಪಿಸಾಯಿ, ಇದ್ದಬದ್ದ ಜಂಬವನ್ನೆಲ್ಲ ಕೂಡಿಸಿಕೊಂಡು. "ನಾನ್ ಹಾರಿದ್ದು ನೋಡ್ದೆ ತಾನೇ? ನಿನ್ ಕೈಲಿ ಆಗತ್ತಾ?"

"ಎಲ್ಲಿಂದ ಆಗತ್ತೆ ಭಾವ," ಎಂದ ತಾನಿಯೇಲ ಸಂತೋಷವಾಗಿ. "ನಂಗೆ ಎತ್ತರ ಅಂದ್ರೆ ಭಯ. ನೀನೇ ಗಂಡ್ಸು."

ಅಪಿಸಾಯಿ ಒಬ್ಬೊಬ್ಬರನ್ನೂ ಹಾಗೇ ರೇಗಿಸಿ ನೋಡಿದ. ಎಲ್ಲರೂ ಅವನನ್ನು ಮನಸಾರೆ ಹೊಗಳಿದರು. ಊರಿಗೆಲ್ಲ ಹೊಟ್ಟೆಕಿಚ್ಚು ಇದ್ದವನು ಅವನೊಬ್ಬನೇ.