ಸಾಹೇಬರಿಗೆ ಹೋಗದ ಮೇಲ್

ನನ್ನದೊಂದು ವಿಚಿತ್ರ ಸ್ವಭಾವ. ಯಾವ ಯಂತ್ರ ಕೆಟ್ಟರೂ ಅದರ ಮೈಯೆಲ್ಲ ತಡವುತ್ತೇನೆ; ಅದು ಹೇಳುವುದನ್ನು ಮಾತ್ರ ಕೇಳುವುದಿಲ್ಲ. ನನ್ನ ಹೆಂಡತಿ ಸುನಂದಾ ಇದಕ್ಕೆ ಉಲ್ಟಾ. ಕುಕ್ಕರಿನ ಸೀಟಿ ಕೇಳಿಯೇ ಒಳಗೆ ನೀರು ಕಡಿಮೆ ಬಿದ್ದಿದೆಯೆಂದು ಹೇಳುತ್ತಾಳೆ.

ಘಟಪ್ರಭಾದ ನಮ್ಮ ಮನೆಗೆ ಕಂಪ್ಯೂಟರ್ ಬಂದ ಹೊಸತು. ಗೋಕಾಕದ ಆಫೀಸಿನಲ್ಲಿ ನಾಲ್ಕು ಕೀಲಿ ಒತ್ತಲು ಕಲಿತಿದ್ದ ನಾನೇ ಮನೆಯ ಪಂಡಿತ. ಆಗಿನ ಮೇಲ್ ಎಂದರೆ ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ. ಆ ಪ್ರೋಗ್ರಾಮಿನ ಮೇಲೆ ನನಗೆ ಈಗಲೂ ಭಾರಿ ಅಭಿಮಾನ. ಏನು ತಪ್ಪಾಯಿತೆಂದು ಪರದೆಯ ಕೆಳಗೆ ಒಂದೇ ಸಾಲಿನಲ್ಲಿ ಹೇಳಿ, ಮನೆಯ ಹಿರಿಯರಂತೆ ಸುಮ್ಮನಾಗುತ್ತಿತ್ತು.

ಸುನಂದಾ ಮೂಡಲಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಹಂಗಾಮಿ ಲೆಕ್ಚರರ್. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಅವಳಿಗೆ ಕಾಯಂ ನೌಕರಿ ಸಿಕ್ಕಿತು. ಆ ದಿನ ಸಂಜೆ ಐದರೊಳಗೆ ಅಲ್ಲಿನ ದೊಡ್ಡ ಸಾಹೇಬರಿಗೆ ಮೇಲ್ ಮೂಲಕವೇ ಒಪ್ಪಿಗೆ ತಿಳಿಸಬೇಕು. ಇಲ್ಲದಿದ್ದರೆ ನೌಕರಿ ಪಟ್ಟಿಯಲ್ಲಿನ ಮುಂದಿನವರಿಗೆ. "ನೀ ಸುಮ್ಕ ಕುಂಡ್ರು, ನಾ ಕಳಸ್ತೇನಿ" ಎಂದು ಗತ್ತಿನಿಂದ ಕೀಲಿ ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಊಹೂಂ. ಸರ್ವರಿನ ಹೆಸರು ಬದಲಿಸಿದೆ, ಮತ್ತೆ ಮೊದಲಿನಂತೆ ಮಾಡಿದೆ. ಮೋಡೆಮಿನ ವೈರು ಕಿತ್ತು, ಉಫ್ ಎಂದು ಊದಿ ಸಿಕ್ಕಿಸಿದೆ. ನಾಲ್ಕೂವರೆಯಾಯಿತು. ಅಯ್ಯೋ, ಇವಳ ನೌಕರಿ ನನ್ನ ಕೈಯಿಂದಲೇ ಹೋಯಿತಲ್ಲಪ್ಪಾ ಎಂದು ನಿಜಕ್ಕೂ ಹೆದರಿದೆ.

"ಯಾಕೋ ಹೋಗವಲ್ದು" ಎಂದೆ, ಸಣ್ಣ ದನಿಯಲ್ಲಿ.

ಸುನಂದಾ ಕುರ್ಚಿ ಎಳೆದುಕೊಂಡು ಕುಳಿತಳು. "ಬರೋ ಮೇಲ್ ಬರಾಕತ್ತಾವೇನ್ರಿ?"

"ಬರಾಕತ್ತಾವ."

"ಹಂಗಾರ ವೈರ್ ಬಿಡ್ರಿ. ಕೆಳಗ ಅದು ಏನೋ ಹೇಳಾಕತ್ತೈತಲ್ಲ, ಮೊದ್ಲ ಅದನ್ನ ಓದ್ರಿ."

ಓದಿದೆ. 'ಇಂಥವರು ಇಲ್ಲಿ ಯಾರೂ ಇಲ್ಲ' ಎಂದು ಅದು ಆಗಿನಿಂದ ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು! ಸುನಂದಾ ವಿಳಾಸದ ಮೇಲೆ ಬೆರಳಿಟ್ಟಳು.

"ಇದೇನ್ರಿ, ಮುಂದ ಶ್ರೀ ಹಚ್ಚೀರಿ?"

"ಮತ್ತ? ಅಷ್ಟು ದೊಡ್ಡ ಸಾಹೇಬ್ರು, ಬರೇ ಹೆಸರು ಹೆಂಗ ಬರೀಲಿ? ಏನ್ ತಿಳ್ಕೊಂಡಾರು?"

"ಮರ್ಯಾದಿ ಎಷ್ಟ ಬೇಕಾದ್ರೂ ಪತ್ರದಾಗ ಕೊಡ್ರಿ. ವಿಳಾಸದಾಗ ಬ್ಯಾಡ್ರಿ."

ಶ್ರೀ ಅಳಿಸಿ ಒತ್ತಿದೆ. ಹೋಯಿತು! ಐದು ಹೊಡೆಯುವ ಮೊದಲೇ 'ತಲುಪಿದೆ' ಎಂದು ಸಾಹೇಬರ ಉತ್ತರವೂ ಬಂತು. ಎಂಥ ತಲೆಯಪ್ಪಾ ಇವಳದು ಎಂದು ನಾನು ಬಾಯಿಬಿಟ್ಟು ನೋಡುತ್ತಿದ್ದರೆ, "ನೋಡಿದ್ದು ಸಾಕು, ಚಾ ಇಡ್ರಿ ಇನ್ನ" ಎಂದಳು. ಇಟ್ಟೆ.

ಅವಳು ಧಾರವಾಡಕ್ಕೆ ಹೋದಳು, ಅಲ್ಲಿ ಅವಳಿಗೂ ಒಂದು ಮೇಲ್ ವಿಳಾಸ ಕೊಟ್ಟರು. ಮೊದಲ ಮೇಲ್ ಬರೆಯಲು ಕುಳಿತೆ. ಮುಖ ಕಂಡರಿಯದ ಸಾಹೇಬರಿಗೆ ಶ್ರೀ ಹಚ್ಚಿದವನು, ಇಂಥವಳಿಗೆ ಹಚ್ಚದಿದ್ದರೆ ಹೇಗೆ? ಮದುವೆಯಾದಾಗಿನಿಂದ ಏಕವಚನದಲ್ಲೇ ಕರೆದವಳ ವಿಳಾಸದ ಮುಂದೆ, ಗೊತ್ತಿದ್ದೂ ಗೊತ್ತಿದ್ದೂ, 'ಶ್ರೀಮತಿ' ಹಚ್ಚಿ ಕೀಲಿ ಒತ್ತಿದೆ.

'ಇಂಥವರು ಇಲ್ಲಿ ಯಾರೂ ಇಲ್ಲ' ಎಂದಿತು ಪರದೆ.

ಈ ಸಲ ಮೊದಲೇ ಓದಿದೆ. ಖಾಲಿ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, "ಖರೆ ಹೇಳ್ದಿ ನೋಡಪಾ" ಎಂದೆ.