ಅಡಿಲೇಡಿನಲ್ಲಿ ಸೋರಿದ ಹಿಮದ ಗಾಡಿ

ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಓದಿ ಮುಗಿಸಿದ ಮೇಲೆ ಒಂದು ನಟ್ಟನ್ನೂ ಮುಟ್ಟದೆ ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದೆ ಎಂಬುದೂ ನಿಜ. ಆದರೂ ಡಿಗ್ರಿ ಡಿಗ್ರಿಯೇ. ಹಾಗಾಗಿ ನಮ್ಮ ಗರಾಜಿನಲ್ಲಿದ್ದ ಹಿಮದ ಗಾಡಿಯ ಕೆಳಗೆ ಹಸಿರು ನೀರು ಕಂಡಾಗ ನನಗೆ ಗಾಬರಿಯಾಗಲಿಲ್ಲ. ಒಂದು ಶನಿವಾರದ ಕೆಲಸ ಅಂದುಕೊಂಡೆ.

ಅಡಿಲೇಡಿನಲ್ಲಿ ಹಿಮ ಬೀಳುವುದಿಲ್ಲ. ಹಿಮದ ಮೇಲೆ ಓಡುವ ಗಾಡಿ ಅಲ್ಲಿಗೆ ಬಂದದ್ದು ನನ್ನ ಗಂಡ ನಾಗೇಶರಿಂದ. ಅವರು ಡಾಕ್ಟರು, ಬಳ್ಳಾರಿಯ ಬಿಸಿಲಲ್ಲಿ ಬೆಳೆದವರು. ಲೆನ್ ಎಂಬ ಮುದುಕರೊಬ್ಬರು ನಮ್ಮ ಬೀದಿಯ ಮನೆ ಬಿಟ್ಟು ಗ್ಲೆನೆಲ್ಗ್‌ನ ಅಪಾರ್ಟ್‌ಮೆಂಟಿಗೆ ಹೊರಟಿದ್ದರು. ಅವರು ಬಹಳ ವರ್ಷ ವಿಕ್ಟೋರಿಯಾದ ಹಿಮದ ಬೆಟ್ಟಗಳಲ್ಲಿ ಕೆಲಸ ಮಾಡಿದ್ದವರು. ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿಟ್ಟು ಮಾರುವ ದಿನ ನಾಗೇಶ್ ಟೋಸ್ಟರ್ ತರುತ್ತೇನೆಂದು ಹೋಗಿ ಈ ಗಾಡಿ ತಂದರು. ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕೀ ಹಲಗೆ, ಹಿಂದೆ ರಬ್ಬರಿನ ಅಗಲ ಪಟ್ಟಿ. ಸಾಗಿಸಲು ಜೊತೆಗೆ ಬಂದಿದ್ದ ಲೆನ್ ಎದುರೇ ಅದರ ಮೇಲೆ ಕೂತು ಹ್ಯಾಂಡಲ್ ಹಿಡಿದು, ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆಗೂ ತಿರುಗಿ, "ಒಂದ್ಸಲ ಹಿಮದಲ್ಲಿ ಹೋಗ್ಬೇಕು ಕಣೆ" ಎಂದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಮರು ತಿಂಗಳೇ ಅವರಿಗೆ ಒಂದು ವರ್ಷದ ತರಬೇತಿಗೆಂದು ಪರ್ತ್‌ಗೆ ಹೋಗಬೇಕಾಯಿತು. ನನ್ನ ಕೆಲಸ ಅಡಿಲೇಡಿನಲ್ಲಿ. ಇಲ್ಲಿನ ಬ್ಲೇರ್ ಅಥಾಲ್ ಬಡಾವಣೆಯ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಕೈ ಅಭ್ಯಾಸ ತಪ್ಪದೆ ಇಬ್ಬರಿಗಾಗುವಷ್ಟು ಸಾರು ಮಾಡುತ್ತಿತ್ತು. ಅದನ್ನು ಎರಡು ದಿನ ಒಬ್ಬಳೇ ಉಣ್ಣುತ್ತಿದ್ದೆ. ಬೇಸಿಗೆಯಲ್ಲಿ ಪರ್ತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ನನಗೆ ಆಕಳಿಕೆ ಬರುವ ಹೊತ್ತಿಗೆ ಅವರು ಆಸ್ಪತ್ರೆಯಿಂದ ಬಂದು ಅನ್ನಕ್ಕಿಟ್ಟು ಫೋನ್ ಮಾಡುತ್ತಿದ್ದರು.

ಜುಲೈನಲ್ಲಿ ಅವರಿಗೆ ಎರಡು ವಾರ ರಜೆ ಇತ್ತು. ಅಷ್ಟರಲ್ಲಿ ಗಾಡಿಯನ್ನು ಸಜ್ಜು ಮಾಡಿ, ಟ್ರೇಲರಿನಲ್ಲಿ ಬೆಟ್ಟಕ್ಕೆ ಸಾಗಿಸಿ, ಹಿಮದಲ್ಲಿ ನಿಲ್ಲಿಸಿ ಅವರ ಕೈಗೆ ಕೀಲಿ ಕೊಡಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಫೆಬ್ರವರಿಯ ಒಂದು ಶನಿವಾರ, ನಲವತ್ತು ಡಿಗ್ರಿ ಬಿಸಿಲಿನಲ್ಲಿ, ಗರಾಜಿನ ಬಾಗಿಲು ತೆರೆದು, ಹಿಂಭಾಗವನ್ನು ಸ್ಟ್ಯಾಂಡಿಗೇರಿಸಿ ಎಂಜಿನ್ ಚಾಲೂ ಮಾಡಿದೆ. ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಕೆಳಗೆ ಹಸಿರು ಮಡು. ಎಂಜಿನ್ ಕಾಯದಂತೆ ಅದರೊಳಗೆ ಸುತ್ತುವ ಕೂಲೆಂಟ್ ಅದು.

ಪಕ್ಕದ ಮನೆಯ ವಿಮಲಾ ಆಂಟಿ ಬಂದು ನೋಡಿದರು. ಮಗಳ ಮನೆಗೆಂದು ಮೈಸೂರಿನಿಂದ ಬಂದವರು.

"ಇದೇನಮ್ಮ ಸುಮಾ, ಚಕ್ರಾನೇ ಇಲ್ಲ. ಸೋರೋದು ಇರ್ಲಿ, ಹೋಗೋದು ಹೇಗೆ?"

"ಹಿಮದ ಮೇಲೆ ಹೋಗತ್ತೆ ಆಂಟಿ."

ಆಂಟಿ ಒಮ್ಮೆ ಆಕಾಶ ನೋಡಿದರು, ಸೆರಗಿನಿಂದ ಬೆವರು ಒರೆಸಿಕೊಂಡು ಒಳಗೆ ಹೋದರು.

ನಾನು ಶಾಸ್ತ್ರೋಕ್ತವಾಗಿ ತನಿಖೆ ಆರಂಭಿಸಿದೆ. ಮೊದಲ ವಾರ, ಎಂಜಿನ್ ಕೆಳಗೆ ಹಳೆಯ ಪೇಪರ್ ಹಾಸಿ ಹನಿ ಬೀಳುವ ಜಾಗ ಗುರುತಿಸಲು ನೋಡಿದೆ. ಪೇಪರ್ ಪೂರ್ತಿ ನೆನೆದು ಎಲ್ಲಾ ಜಾಗವೂ ಗುರುತಾಯಿತು. ಎರಡನೆಯ ವಾರ, ರಬ್ಬರ್ ಕೊಳವೆಗಳಿಗೆ ಸುತ್ತಿದ್ದ ಲೋಹದ ಪಟ್ಟಿಗಳನ್ನೆಲ್ಲ ಕೈಯಲ್ಲಿದ್ದ ಶಕ್ತಿಯಷ್ಟೂ ಹಾಕಿ ಬಿಗಿದೆ. ಮೂರನೆಯ ವಾರ, ಒತ್ತಡ ಪರೀಕ್ಷಿಸುವ ಕೈಪಂಪು ತಂದೆ. ಗಾಳಿ ತುಂಬಿಸಿ ಮುಳ್ಳು ನೋಡುತ್ತಾ ಕೂತರೆ ಅರ್ಧ ಗಂಟೆಯಾದರೂ ಅದು ಅಲುಗಲಿಲ್ಲ. ಎಲ್ಲೂ ಸೋರಿಕೆಯಿಲ್ಲ ಎಂದು ಅದರ ಅರ್ಥ. ಪಂಪು ಕೆಟ್ಟಿದೆ ಎಂದು ನನ್ನ ಅರ್ಥ. ಅದನ್ನು ಅಂಗಡಿಗೆ ಹಿಂದಿರುಗಿಸಿ ಬಂದೆ.

ಆಮೇಲೆ ಕೂಲೆಂಟಿಗೆ ಹೊಳೆಯುವ ಬಣ್ಣ ಬೆರೆಸಿ ನೇರಳೆ ದೀಪದಲ್ಲಿ ಹುಡುಕುವ ವಿಧಾನ ಓದಿಕೊಂಡೆ. ಬಣ್ಣದ ಸೀಸೆ ತೆರೆಯುವಾಗಲೇ ಕೈಜಾರಿತು. ಎಂಜಿನ್ ಆರಿಸಿ, ಬಾಗಿಲು ಮುಚ್ಚಿ ದೀಪ ಹಾಕಿದರೆ ಎಂಜಿನ್ ಹೊಳೆಯಿತು, ನೆಲ ಹೊಳೆಯಿತು, ನನ್ನ ಹತ್ತೂ ಬೆರಳು ಹೊಳೆದವು. ಸೋಮವಾರ ಆಫೀಸಿನಲ್ಲಿ ಮ್ಯಾನೇಜರ್ ನನ್ನ ಕೈ ನೋಡಿ, ನಿಮ್ಮಲ್ಲಿ ಏನಾದರೂ ಹಬ್ಬವೇ ಎಂದು ಕೇಳಿದಳು. ಹೌದು ಎಂದೆ.

ಕೊನೆಗೆ ಎಂಜಿನ್ನಿನ ತಲೆಯನ್ನೇ ಬಿಚ್ಚಿದೆ. ಹೊಗೆ ಬಿಳಿಯಾಗಿ ಬರುತ್ತಿದ್ದುದರಿಂದ ಕೂಲೆಂಟ್ ಒಳಗೇ ಸುಡುತ್ತಿದೆ ಎಂದು ನನ್ನ ಸಿದ್ಧಾಂತ. ಒಳಗೆ ಎಲ್ಲವೂ ಚೊಕ್ಕವಾಗಿತ್ತು. ತಿರುಗಿ ಜೋಡಿಸಿದಾಗ ಒಂದು ಬೋಲ್ಟ್ ಮಿಕ್ಕಿತು. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಈ ಸಲ ಎರಡು ಮಿಕ್ಕವು.

ಈ ನಡುವೆ ಫೋನ್ ಮಾತು ಚಿಕ್ಕದಾಗುತ್ತಾ ಬಂತು. ಗುಟ್ಟು ಬಾಯಿ ತಪ್ಪಿ ಬಂದೀತೆಂಬ ಭಯ ನನಗೆ.

"ಶನಿವಾರ ಏನ್ ಮಾಡ್ದೆ?" ಎನ್ನುವರು ನಾಗೇಶ್.

"ಏನೋ ಸ್ವಲ್ಪ ಕೆಲ್ಸ ಇತ್ತು."

"ಮುಂದಿನ ಶನಿವಾರ?"

"ಅವತ್ತೂ ಬಿಜಿ ರೀ."

"ಸರಿ," ಎನ್ನುವರು. ಅತ್ತ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಆ ಅಡುಗೆಮನೆ ಹೇಗಿದೆಯೋ, ಕುಕ್ಕರ್ ಎಲ್ಲಿಟ್ಟಿದ್ದಾರೋ ಎಂದು ಊಹಿಸುತ್ತಾ ಫೋನ್ ಇಡುತ್ತಿದ್ದೆ. ಆಮೇಲೆ ಗರಾಜಿಗೆ ಹೋಗಿ ಗಾಡಿಯ ಸೀಟಿನ ಮೇಲೆ ಸುಮ್ಮನೆ ಕೂರುತ್ತಿದ್ದೆ. ಇಬ್ಬರು ಕೂರುವ ಸೀಟು ಅದು.

ಒಂಬತ್ತನೆಯ ಶನಿವಾರ ಸೋತು ಲೆನ್‌ಗೆ ಫೋನ್ ಮಾಡಿದೆ. ಮಧ್ಯಾಹ್ನ ಬಂದರು. ಟೋಪಿ ತೆಗೆದು, ತಮ್ಮ ಹಳೆಯ ಗಾಡಿಯನ್ನು ಕುದುರೆಯ ಮೈ ಸವರುವಂತೆ ಸವರಿದರು. ಎಷ್ಟು ಹೊತ್ತು ಓಡಿಸುತ್ತೀ ಎಂದು ಕೇಳಿದರು. ಇಪ್ಪತ್ತು ನಿಮಿಷ ಎಂದೆ.

"ಆ್ಯಂಡ್ ವೇರ್ಸ್ ಯುವರ್ ಸ್ನೋ, ಲವ್?"

ನಿನ್ನ ಹಿಮ ಎಲ್ಲಿ ಎಂದು ಯಾಕೆ ಕೇಳುತ್ತಿದ್ದಾರೋ ನನಗೆ ಅರ್ಥವಾಗಲಿಲ್ಲ. ಅವರು ಬಗ್ಗಿ, ಸೀಟಿನ ಕೆಳಗೆ ಉದ್ದಕ್ಕೂ ಇದ್ದ ಚಪ್ಪಟೆ ಕೊಳವೆಗಳನ್ನು ತೋರಿಸಿದರು. ಕಾರಿನಂತೆ ಈ ಗಾಡಿಗೆ ಗಾಳಿಯಿಂದ ತಣಿಯುವ ರೇಡಿಯೇಟರ್ ಇಲ್ಲ. ಓಡುವಾಗ ರಬ್ಬರ್ ಪಟ್ಟಿ ಹಿಮವನ್ನು ಎರಚುತ್ತದೆ, ಆ ಹಿಮ ತಾಗಿ ಕೂಲೆಂಟ್ ತಣಿಯುತ್ತದೆ. ಹಿಮವಿಲ್ಲದೆ ಓಡಿಸಿದರೆ ಕುದಿಯುತ್ತದೆ, ಕುದಿದದ್ದು ಉಕ್ಕಿ ಹೊರಗೆ ಬರುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿದರೆ ಪಾತ್ರೆ ತೂತಾಗಿದೆ ಎಂದು ಯಾರೂ ಹೇಳುವುದಿಲ್ಲ. ನಾನು ಹೇಳಿದ್ದೆ, ಎರಡು ತಿಂಗಳು.

ಗಾಡಿಗೆ ಏನೂ ಆಗಿರಲಿಲ್ಲ. ಈಗ ಆಗಿತ್ತು. ನಾನು ಬಿಗಿದ ಲೋಹದ ಪಟ್ಟಿಯೊಂದು ಬರಬರುತ್ತಾ ಕೊಳವೆಯನ್ನು ಕತ್ತರಿಸಿ, ಅಲ್ಲಿಂದ ನಿಜವಾಗಿಯೂ ಸೋರುತ್ತಿತ್ತು. ಲೆನ್ ಹೊಸ ಕೊಳವೆ ಹಾಕಿದರು, ಮಿಕ್ಕಿದ್ದ ಎರಡು ಬೋಲ್ಟುಗಳಿಗೂ ಜಾಗ ಹುಡುಕಿದರು. ಪರೀಕ್ಷೆ ಮಾಡೋಣವೆಂದು ನಾನು ಪೆಟ್ರೋಲ್ ಬಂಕಿಗೆ ಓಡಿ ಐಸ್ ಚೀಲಗಳನ್ನು ತಂದೆ. ಬಂಕಿನವನು ಪಾರ್ಟಿಯಾ ಎಂದ. ಎಂಜಿನ್‌ಗೆ ಎಂದೆ. ವಿಮಲಾ ಆಂಟಿಯೂ ತಮ್ಮ ಫ್ರಿಜ್ಜಿನ ಐಸನ್ನೆಲ್ಲ ಬಕೆಟ್ಟಿನಲ್ಲಿ ತಂದು ಸುರಿದರು. ಎಂಜಿನ್ ಇಪ್ಪತ್ತು ನಿಮಿಷ ಓಡಿತು. ಒಂದು ಹನಿಯೂ ಸೋರಲಿಲ್ಲ.

ಬೆಟ್ಟದಲ್ಲಿ ಎಲ್ಲಿ ಓಡಿಸುತ್ತೀರಿ ಎಂದು ಲೆನ್ ಕೇಳಿದ್ದು ಆಗ. ಅಲ್ಲಿ ಹೊರಗಿನವರಿಗೆ ಸ್ವಂತ ಗಾಡಿ ಓಡಿಸಲು ಅನುಮತಿ ಸಿಗುವುದೇ ಕಷ್ಟ, ತಾನು ಅಲ್ಲಿನ ನೌಕರನಾದ್ದರಿಂದ ನಡೆಯಿತು ಎಂದರು. ಅದೇ ಹೊತ್ತಿಗೆ ನಾಗೇಶ್ ಫೋನ್ ಬಂತು, ಒದ್ದೆ ಕೈಯಲ್ಲಿ ಸ್ಪೀಕರಿಗೆ ಹಾಕಿದೆ.

"ಏನದು ಸದ್ದು?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕರಗುವ ಐಸಿನ ನಡುವೆ ನಿಂತು ಎಲ್ಲಾ ಹೇಳಿದೆ.

"ಸುಮಾ, ನನಗೆ ಚಳಿ ಅಂದ್ರೆ ಆಗಲ್ಲ."

"ಮತ್ತೆ ಅವತ್ತು ಹಿಮದಲ್ಲಿ ಹೋಗ್ಬೇಕು ಅಂದ್ರಲ್ಲ?"

"ಪಾಪ, ಲೆನ್ ಪಕ್ಕದಲ್ಲೇ ನಿಂತಿದ್ರು. ಬೆಳಗ್ಗಿಂದ ಒಬ್ರೂ ಬಂದಿರ್ಲಿಲ್ಲ ಅವರ ಅಂಗಳಕ್ಕೆ. ಖುಷಿಯಾಗ್ಲಿ ಅಂತ ಹಾಗಂದೆ."

ಲೆನ್ ಎಂಜಿನ್ ಆರಿಸಿದರು. ಅವರಿಗೆ ಕನ್ನಡ ಬಾರದಿದ್ದುದು ಒಳ್ಳೆಯದಾಯಿತು.

"ಎಷ್ಟು ಶನಿವಾರ ಮಾಡ್ದೆ ಇದನ್ನ?" ಎಂದರು ನಾಗೇಶ್.

"ಒಂಬತ್ತು."

"ನಾನು ಶನಿವಾರ ಶನಿವಾರ ಮನೆ ಗುಡಿಸಿ ಇಡ್ತಿದ್ದೆ. ಹೇಳದೆ ಕೇಳದೆ ಬಂದ್ಬಿಡ್ತೀಯೇನೋ ಅಂತ."

"ಬಾ ಅಂತ ಕರೀಬಹುದಿತ್ತಲ್ಲ ರೀ."

"ಬಿಜಿ ಅಂದ್ಯಲ್ಲ."

ಮುಂದಿನ ಶುಕ್ರವಾರ ಸಂಜೆ ಪರ್ತ್‌ನ ವಿಮಾನ ಹತ್ತಿದೆ. ಮೂರೂವರೆ ಗಂಟೆಯ ದಾರಿ. ಅವರನ್ನು ನೋಡದೆ ಎಷ್ಟೋ ವಾರ ಕಳೆದದ್ದು ಇಷ್ಟು ಚಿಕ್ಕ ದಾರಿಯ ಈ ಕಡೆ ಕೂತು. ಬೆಳಿಗ್ಗೆ ಅವರು ಕಾಫಿ ಮಾಡಿದರು. ಅಡುಗೆಮನೆಯ ನಲ್ಲಿ ಟಪ್ ಟಪ್ ಎಂದು ತೊಟ್ಟಿಕ್ಕುತ್ತಿತ್ತು. ವಾಷರ್ ಸವೆದಿರಬೇಕು, ಅಥವಾ ಸ್ಪಿಂಡಲ್. ನಾನು ಲೋಟ ಕೆಳಗಿಟ್ಟು ಏಳಲು ಹೊರಟೆ. ನಾಗೇಶ್ ನನ್ನ ಕೈ ಹಿಡಿದು ಕೂರಿಸಿದರು.

"ಬೇಡಮ್ಮ ತಾಯಿ," ಎಂದರು. "ಈ ಮನೆ ಬಾಡಿಗೇದು."