ಒಂದನೇ ಹಂತದ ವಿರುದ್ಧ ನನ್ನ ವಾದ

ಕೆಲವರಿಗೆ ಕುಡಿತ, ಕೆಲವರಿಗೆ ಇಸ್ಪೀಟು. ನನಗೆ ಹಿಡಿದದ್ದು ವಾದ. ಅಂಕೋಲೆಯ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರ, ವಿರೋಧ ಎರಡರಲ್ಲೂ ಬಹುಮಾನ ಹೊಡೆದವನು ನಾನು. ಬೆಳಿಗ್ಗೆ ಮರಣದಂಡನೆ ಬೇಕೆಂದು ಸಾಧಿಸಿ, ಊಟವಾದ ಮೇಲೆ ಅದೇ ಕೈದಿಯನ್ನು ಬಿಡಿಸಿಕೊಂಡು ಬರುತ್ತಿದ್ದೆ. ಮನೆಯಲ್ಲಿ ಮಾತ್ರ ಇದಕ್ಕೆ ಬೆಲೆಯಿರಲಿಲ್ಲ. "ಮಾತಿಗೆ ಬಂಗಡೆ ಮೀನು ಬೀಳ್ತದ್ಯನೋ?" ಎಂದು ಆಯಿ ಕೇಳಿದರೆ, ಯಾಕೆ ಬೀಳುವುದಿಲ್ಲ ಎಂಬುದಕ್ಕೂ ಮೂರು ಕಾರಣ ಕೊಡುತ್ತಿದ್ದೆ.

ಇಂಥವನಿಗೆ ಸಿಕ್ಕಿದ್ದು ಮಾತೇ ಬೇಕಿಲ್ಲದ ಕೆಲಸ: ಹಗ್ಗದಲ್ಲಿ ನೇತಾಡುತ್ತ ಎತ್ತರದ ನೀರಿನ ಟಾಂಕಿಗಳಿಗೆ ಬಣ್ಣ ಹೊಡೆಯುವುದು. ಹಬ್ಬುವಾಡದಲ್ಲಿ ಒಂದು ಖೋಲಿ ಹಿಡಿದು ನಾನೂ, ಹಟ್ಟಿಕೇರಿಯ ಸೋದರಮಾವನ ಮಗ ನಾಗೇಶನೂ ಸೇರಿಕೊಂಡೆವು. ನಮ್ಮ ಮೇಲಿನವನು ಕದ್ವಾಡದ ಸುರೇಶಣ್ಣ, ಈ ವಿದ್ಯೆಯ ಮೂರೂ ಹಂತದ ಸರ್ಟಿಫಿಕೇಟು ಪಡೆದವನು. ಗೋವೆಗೆ ಹೋಗಿ ಒಂದನೇ ಹಂತ ಮುಗಿಸಿ ಬನ್ನಿ, ನಾಲ್ಕು ದಿನ ತರಬೇತಿ, ಐದನೆಯ ದಿನ ಪರೀಕ್ಷೆ ಎಂದ. ಅಲ್ಲಿ ಮೊದಲು ಕಲಿಸುವುದು ಗಂಟು ಹಾಕುವುದನ್ನು ಎಂದು ಕೇಳಿದೊಡನೆ ನನ್ನ ಗಂಟಲು ಕೆರೆಯಿತು. ಹಾಲುಹಲ್ಲು ಬೀಳುವ ಮೊದಲೇ ಬಲೆ ಹಗ್ಗ ಹಿಡಿದ ಮನೆತನ ನಮ್ಮದು! ಅನುಭವಿಗಳು ಮೊದಲ ಹಂತ ಬಿಟ್ಟು ನೇರ ಎರಡನೆಯದಕ್ಕೇ ಕೂರಬಹುದೆಂಬ ಸಾಲು ಅವನದೇ ಕಾಗದಗಳಲ್ಲಿತ್ತು. ಅದನ್ನು ಅವನ ಮುಂದೆಯೇ ಹಿಡಿದೆ.

"ಅದು ಹಗ್ಗದ ಮೇಲಿನ ಅನುಭವ," ಎಂದ.

"ಹಂಗಾರೆ ದೋಣೀಲಿದ್ದದ್ದು ಎಂತದು, ದಾರವಾ?"

"ಅರೇ ಬಾಬಾ, ನಿನ್ ಬಾಯಿಗೆ ಗಂಟು ಹಾಕೂದು ಗೋವೆಲೂ ಕಲಿಸೂದಿಲ್ಲ!"

ನಾಗೇಶನಿಗೆ ಹೋಗುವ ಮನಸ್ಸಿತ್ತು. "ನಾಕೈದ್ ದಿನ ಅಲ್ಲ ಭಾವ, ಹೋಗ್ಬರುವಾ," ಎಂದ. ಅವನನ್ನು ಸೋಲಿಸಲು ಒಂದು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಮಳೆಗಾಲದೊಳಗೆ ಟಾಂಕಿ ಮುಗಿಯಬೇಕೆಂದು ಕಂತ್ರಾಟುದಾರನ ಫೋನು ಬಂದ ಮೇಲೆ ಸುರೇಶಣ್ಣನೂ ಮೆತ್ತಗಾದ. ಅವನದು ಒಂದೇ ಷರತ್ತು: ಕೆಲಸದ ಹಗ್ಗದ ಜೊತೆ ಜೀವ ಕಾಯುವ ಎರಡನೇ ಹಗ್ಗ, ಅದನ್ನು ಕಟ್ಟುವುದು ಅವನೇ. ಅದರ ವಿರುದ್ಧವೂ ವಾದಿಸಿದೆ. ದೇವರು ದೊಡ್ಡವನು, ಸೋತೆ.

ಒಂದು ಬೆಳಿಗ್ಗೆ, ತಾನು ಬರುವತನಕ ಯಾರೂ ಇಳಿಯಬೇಡಿ ಎಂದು ಸುರೇಶಣ್ಣ ಇನ್ನಷ್ಟು ಬಣ್ಣ ತರಲು ಪೇಟೆಗೆ ಹೋದ. ಬಿಸಿಲೇರುವ ಮೊದಲು ಒಂದು ಪಟ್ಟಿ ಮುಗಿಸುವುದೇ ಲೇಸೆಂದು ನಾನು ನಾಗೇಶನಿಗೆ ಸಾಧಿಸಿ ತೋರಿಸಿದೆ. ನಾಗೇಶನ ಕೆಲಸದ ಹಗ್ಗವನ್ನು ಬಿಚ್ಚಿ, ನಾಲ್ಕು ಮಾರು ಪಕ್ಕಕ್ಕೆ ನಾನೇ ಕಟ್ಟಿದೆ. ದಡದಲ್ಲಿ ದೋಣಿಗೆ ಹಾಕುವ ಗಂಟು; ಗಾಳಿ ಎದ್ದರೆ ತುದಿ ಹಿಡಿದು ಒಮ್ಮೆ ಜಗ್ಗಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವುದೇ ಅದರ ಗುಣ. ಅದರ ತುದಿ ಬಣ್ಣದ ಡಬ್ಬಿಯ ಹಿಡಿಕೆಗೆ ಸಿಕ್ಕಿಕೊಂಡಿತ್ತು. ನಾಗೇಶ ಅರ್ಧ ಇಳಿದಿದ್ದ. ನಾನು ಡಬ್ಬಿ ಎತ್ತಿದೆ.

ಎರಡನೇ ಹಗ್ಗ ಹಿಡಿಯಿತು. ಆದರೆ ಅದು ಹಳೆಯ ಜಾಗದಲ್ಲೇ ಇದ್ದುದರಿಂದ ನಾಗೇಶ ತೂಗಿಕೊಂಡು ಹೋಗಿ, ಸೊಂಟ ಕಂಬಕ್ಕೆ ಬಡಿದು, ಅಲ್ಲೇ ನೇತಾಡಿದ. "ಭಾವಾ, ಕಾಲು ಗೊತ್ತಾಗೂದಿಲ್ವಲಾ," ಎಂದ. ನೇತಾಡುವವನನ್ನು ಇಳಿಸುವುದನ್ನು ಒಂದನೇ ಹಂತದಲ್ಲೇ ಕಲಿಸುತ್ತಾರಂತೆ. ನನಗೆ ಗೊತ್ತಿದ್ದದ್ದು ಮಾತು. ಅವನಿಗೆ ಏನೂ ಆಗಿಲ್ಲವೆಂದು ಟಾಂಕಿಯ ಮೇಲೆ ನಿಂತು ಆಧಾರಸಹಿತ ವಿವರಿಸಿದೆ. ಅವನ ಉತ್ತರಗಳು ಸಣ್ಣವಾಗುತ್ತ ಬಂದವು. ಕೊನೆಗೆ ಸುರೇಶಣ್ಣ ಬಂದವನು ನನ್ನ ಮುಖವನ್ನೂ ನೋಡದೆ ಹಗ್ಗಕ್ಕಿಳಿದ, ನಾಗೇಶನನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ಮುಟ್ಟಿಸಿದ. ನಾನಿನ್ನೂ ಎರಡನೇ ಅಂಶದಲ್ಲಿದ್ದೆ.

ಜೀವ ಉಳಿಯಿತು. ಎಡಗಾಲು ಎಳೆಯುತ್ತದೆ. ಅಲುಗುವ ದೋಣಿಯಲ್ಲಿ ನಿಲ್ಲುವುದಕ್ಕೂ ಎರಡು ಕಾಲು ಬೇಕು, ಹಾಗಾಗಿ ಕಡಲೂ ಹೋಯಿತು. ಮೊನ್ನೆ ನಾನು ಹಟ್ಟಿಕೇರಿಗೆ ಹೋದಾಗ ನಾಗೇಶ ಜಗಲಿಯಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದ. ದನಿ ತಗ್ಗಿಸಿ ಹೇಳಿದ: "ನಮ್ಮಾಯಿ ದಿನಾ ನಿನ್ನ ಬಯ್ತದೆ ಭಾವ. ನಿಂದು ತಪ್ಪಲ್ಲ ಅಂತ ಅದ್ಕೆ ತಿಳಿಸೂಕೆ ನಂಗೆ ಮಾತು ಬರೂದಿಲ್ಲ. ನೀನೇ ಒಂಚೂರು ಹೇಳ್ಕೊಡು."

ಬೇಡ ಮಾರಾಯ ಎನ್ನಬೇಕಿತ್ತು. ಗಂಟಲು ಸರಿಮಾಡಿಕೊಂಡು ಮೂರು ಅಂಶ ಹೇಳಿದೆ. ನಾಗೇಶ ಬಲೆ ಬದಿಗಿಟ್ಟು, ಒಂದೊಂದನ್ನೇ ಬೆರಳು ಮಡಚಿ ಬಾಯಿಪಾಠ ಮಾಡಿದ. ಮೂರನೆಯದು ನೆನಪು ಹಾರಿತೆಂದು ಮತ್ತೆ ಕೇಳಿದ. ಹೇಳಿಕೊಟ್ಟೆ, ಈ ಸಲ ಇನ್ನೂ ಚೆನ್ನಾಗಿ.